ಅಮ್ಮನಿಗೆ ಮರೆವು ಹೆಚ್ಚಿದೆಯೋ, ಕಣ್ಣು ಕಾಣುತ್ತಿಲ್ಲವೋ?

ಪ್ರಶ್ನೆ: ನನ್ನ ತಾಯಿಗೆ 84 ವರ್ಷ. ಎರಡು ವರ್ಷದಿಂದ ವೃದ್ಧರ ಆರೈಕೆ ಕೇಂದ್ರದಲ್ಲಿದ್ದಾರೆ. ಮರೆವಿನ ಕಾಯಿಲೆ ಆರಂಭದ ಹಂತದಲ್ಲಿದೆ ಎಂದು ಸೇರಿಸುವಾಗಲೇ ವೈದ್ಯರು ಹೇಳಿದ್ದರು. ಈಚಿನ ಆರು ತಿಂಗಳಿಂದ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಬಿಡುತ್ತಾರೆ. ನಾನು ಬಾಗಿಲಲ್ಲಿ ನಿಂತರೆ ಗುರುತು ಸಿಗುವುದಿಲ್ಲ, ಮಾತಾಡಿದರೆ ಮಾತ್ರ ಹಿಡಿಯುತ್ತಾರೆ. ಸಂಜೆ ಹೊತ್ತು ಕೋಣೆಯಲ್ಲಿ ಯಾರೋ ಮಕ್ಕಳು ಕೂತಿದ್ದಾರೆ ಎನ್ನುತ್ತಾರೆ. ಕಾಯಿಲೆ ಮುಂದುವರಿದಿದೆ, ಭ್ರಮೆಗೆ ಮಾತ್ರೆ ಶುರು ಮಾಡೋಣ ಎಂದು ಕೇಂದ್ರದವರು ಹೇಳುತ್ತಿದ್ದಾರೆ. ಕನ್ನಡಕ ಐದು ವರ್ಷದ ಹಳೆಯದು. ಬಲಗಣ್ಣಿಗೆ ಹಿಂದೆಯೇ ಪೊರೆ ಆಪರೇಷನ್ ಆಗಿದೆ. ಇದೆಲ್ಲ ಕಣ್ಣಿನ ತೊಂದರೆಯಿಂದಲೂ ಆಗುತ್ತಿರಬಹುದೇ? ನಾನು ಏನು ನೋಡಬೇಕು, ಅಲ್ಲಿನವರನ್ನು ಏನು ಕೇಳಬೇಕು?

ಉತ್ತರ: ನೀವು ಬರೆದಿರುವುದರಲ್ಲಿ ಎಲ್ಲಕ್ಕಿಂತ ತೂಕದ ಮಾತು, "ಮಾತಾಡಿದರೆ ಮಾತ್ರ ಹಿಡಿಯುತ್ತಾರೆ" ಎಂಬುದು. ದನಿ ಕೇಳಿದ ಕೂಡಲೇ ನೀವು ಯಾರೆಂದು ಗೊತ್ತಾಗುತ್ತದೆ ಎಂದರೆ ಅವರ ನೆನಪಿನಲ್ಲಿ ನೀವು ಇದ್ದೀರಿ. ನಿಮ್ಮ ಮುಖ ಮಾತ್ರ ಅವರನ್ನು ಮುಟ್ಟುತ್ತಿಲ್ಲ. ಹಾಗಾಗಿ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಭ್ರಮೆಯ ಮಾತ್ರೆಗೆ ಒಪ್ಪುವ ಮುಂಚೆ ಕಣ್ಣಿನ ಪೂರ್ತಿ ತಪಾಸಣೆ ಆಗಲೇಬೇಕು. ಮರೆವಿನ ಕಾಯಿಲೆ ಇರುವ ವೃದ್ಧರಿಗೆ ಈ ಗುಂಪಿನ ಮಾತ್ರೆಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಮಂಪರು, ಬೀಳುವಿಕೆ, ಪಾರ್ಶ್ವವಾಯುವಿನ ಅಪಾಯ ಬೇರೆ. ಬೇಕೇ ಬೇಕಾದಾಗ ಕೊಡಬೇಕಾದ ಔಷಧ ಅದು. ಕಣ್ಣು ನೋಡದೆ ಕೊಡುವಂಥದ್ದಲ್ಲ.

ಕಣ್ಣು ಚೆನ್ನಾಗಿದ್ದೂ ನೋಡಿದ್ದು ಅರ್ಥವಾಗದ ಸ್ಥಿತಿಯೂ ಉಂಟು. ಮರೆವಿನ ಕಾಯಿಲೆಯ ಒಂದು ಬಗೆಯಾದ ಆಲ್ಜೈಮರ್ ಕೆಲವರಲ್ಲಿ ಮಿದುಳಿನ ಹಿಂಭಾಗವನ್ನೇ ಮೊದಲು ಹಿಡಿಯುತ್ತದೆ; ಆಗ ಚಿತ್ರ ಕಣ್ಣಿಗೆ ಬಿದ್ದರೂ ಅದೇನೆಂದು ಬಿಡಿಸಿಕೊಳ್ಳಲು ಆಗುವುದಿಲ್ಲ. ಆದರೆ ಇದು ಅಪರೂಪ. ಮೊದಲು ಸಾಮಾನ್ಯವಾದದ್ದನ್ನು, ಸರಿಪಡಿಸಬಹುದಾದದ್ದನ್ನು ಹುಡುಕಬೇಕು.

ಆರೈಕೆ ಕೇಂದ್ರಗಳಲ್ಲಿ ಕಣ್ಣಿನ ತೊಂದರೆ ಎಷ್ಟು ಇರುತ್ತದೆ ಎಂಬುದಕ್ಕೆ ಒಂದು ಹಳೆಯ ಲೆಕ್ಕ ಇದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 30 ಕೇಂದ್ರಗಳ ಸುಮಾರು 500 ನಿವಾಸಿಗಳ ಕಣ್ಣು ಪರೀಕ್ಷೆ ಮಾಡಿ 1995ರಲ್ಲಿ ಪ್ರಕಟಿಸಿದರು. 17% ಜನರಿಗೆ ಎರಡೂ ಕಣ್ಣು ಕುರುಡು ಎನ್ನುವ ಮಟ್ಟಕ್ಕೆ ಇಳಿದಿತ್ತು. ಸುಮಾರು 19% ಜನರಿಗೆ ಅಷ್ಟಲ್ಲದಿದ್ದರೂ ದೃಷ್ಟಿ ಸಾಕಷ್ಟು ಕಡಿಮೆಯಾಗಿತ್ತು. ಮನೆಯಲ್ಲೇ ಇರುವ ಅದೇ ವಯಸ್ಸಿನವರಿಗೆ ಹೋಲಿಸಿದರೆ ಇದು ಎಷ್ಟೋ ಪಟ್ಟು ಹೆಚ್ಚು. ಹೊಟ್ಟೆ ಉರಿಸುವ ಸಂಗತಿ ಮುಂದಿದೆ: ಕುರುಡು ಎಂದು ಲೆಕ್ಕಕ್ಕೆ ಬಂದವರಲ್ಲಿ ಐದರಲ್ಲಿ ಒಬ್ಬರಿಗೆ, ದೃಷ್ಟಿ ಕಡಿಮೆಯಾದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬೇಕಾಗಿದ್ದದ್ದು ಸರಿಯಾದ ನಂಬರಿನ ಕನ್ನಡಕ, ಅಷ್ಟೇ. ಪೊರೆ ತೆಗೆದರೆ ಕಾಣುವವರು ಇನ್ನೂ ಬೇರೆ.

ಯಾಕೆ ಯಾರ ಗಮನಕ್ಕೂ ಬರುವುದಿಲ್ಲ? ಕೇಂದ್ರದ ದಿನಚರಿಯಲ್ಲಿ ಕಣ್ಣಿಗೆ ಕೆಲಸವೇ ಇರುವುದಿಲ್ಲ. ಸ್ನಾನ, ಬಟ್ಟೆ, ಊಟ, ಮಾತ್ರೆ ಎಲ್ಲವೂ ಇದ್ದಲ್ಲಿಗೇ ಬರುತ್ತವೆ. ಓದುವುದು ಬಿಟ್ಟರೂ ಯಾರೂ ಕೇಳುವುದಿಲ್ಲ. ಮಂಜಾಗುವುದು ತಿಂಗಳುಗಟ್ಟಲೆ ನಿಧಾನವಾಗಿ ಆಗುವುದರಿಂದ ಅವರಿಗೇ ಅದು ಸಹಜ ಅನ್ನಿಸಿಬಿಡುತ್ತದೆ, "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗುತ್ತಾರೆ. ಕಣ್ಣಿನ ವಿಷಯ ಮನೆಯವರು ನೋಡಿಕೊಳ್ಳುತ್ತಾರೆ ಎಂದು ಕೇಂದ್ರದವರು, ಕೇಂದ್ರದವರು ನೋಡಿಕೊಳ್ಳುತ್ತಾರೆ ಎಂದು ಮನೆಯವರು. ನಡುವೆ ಐದು ವರ್ಷ ಹೋಗಿರುತ್ತದೆ. ಮೇಲೆ ಒಂದು ಮರೆವಿನ ಹಣೆಪಟ್ಟಿ ಬಿದ್ದರಂತೂ ಎಡವಿದ್ದು, ಚೆಲ್ಲಿದ್ದು, ಗುರುತು ತಪ್ಪಿದ್ದು ಎಲ್ಲವೂ ಅರಳುಮರಳಿನ ಲೆಕ್ಕಕ್ಕೇ ಜಮೆ.

ಮುಂದಿನ ಸಲ ಹೋದಾಗ ಒಂದು ಗಂಟೆ ಸುಮ್ಮನೆ ಪಕ್ಕದಲ್ಲಿ ಕೂತು ನೋಡಿ. ಲೋಟ ತೆಗೆದುಕೊಳ್ಳಲು ಕೈ ನೇರ ಹೋಗುತ್ತದೆಯೇ, ಇಲ್ಲ ಅದರ ಮುಂದೆಯೋ ಪಕ್ಕದಲ್ಲೋ ಮೇಜನ್ನು ತಡವುತ್ತದೆಯೇ? ಕುರ್ಚಿಗೆ ಕೂರುವ ಮುಂಚೆ ಕೈಯಿಂದ ಅಂಚು ಹುಡುಕುತ್ತಾರೆಯೇ? ನೆಲದ ಬಣ್ಣ ಬದಲಾಗುವಲ್ಲಿ, ಹೊಸ್ತಿಲಲ್ಲಿ, ಕಪ್ಪು ಕಾಲೊರಸಿನ ಮುಂದೆ ತಟಕ್ಕನೆ ನಿಲ್ಲುತ್ತಾರೆಯೇ? ಕಪ್ಪು ಚಾಪೆ ಅವರ ಕಣ್ಣಿಗೆ ಗುಂಡಿಯಂತೆ, ಹೊಳೆಯುವ ನೆಲ ನೀರು ನಿಂತಂತೆ ಕಾಣಬಹುದು. ಸ್ನಾನಕ್ಕೆ ಹಟ ಹಿಡಿಯುವವರಲ್ಲಿ ಎಷ್ಟೋ ಮಂದಿಗೆ ಭಯ ಇರುವುದು ಆ ನೆಲದ್ದೇ. ಮುಖ ನೋಡುವಾಗ ತಲೆಯನ್ನು ಓರೆ ಮಾಡಿ, ನಿಮ್ಮ ಕಿವಿಯ ಕಡೆ ನೋಡುವಂತೆ ಮಾಡುತ್ತಾರೆಯೇ? ಅದು ಉದಾಸೀನವಲ್ಲ. ಕಣ್ಣಿನ ನಡುಭಾಗ ಹಾಳಾದಾಗ ಉಳಿದಿರುವ ಅಂಚಿನಿಂದ ನೋಡುವ ಪ್ರಯತ್ನ.

ಯಾವ ಥರ ಕಾಣುತ್ತಿಲ್ಲ ಎಂಬುದೂ ಸುಳಿವು ಕೊಡುತ್ತದೆ. ಮುಖ, ಅಕ್ಷರ, ಗಡಿಯಾರದ ಮುಳ್ಳು ಕಾಣದಿದ್ದರೂ ಎಲ್ಲಿಗೂ ಡಿಕ್ಕಿ ಹೊಡೆಯದೆ ಓಡಾಡುತ್ತಾರೆ ಎಂದರೆ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ಪರದೆಯ, ನಡುಬಿಂದುವಾದ ಮ್ಯಾಕ್ಯುಲಾ ಸವೆದಿರುವ ಸಾಧ್ಯತೆ ಹೆಚ್ಚು. ಇದಕ್ಕೆ ತಿರುಗುಮುರುಗು, ಕಣ್ಣಿನ ನರ ನಿಧಾನವಾಗಿ ಹಾಳಾಗುವ ಗ್ಲಾಕೋಮಾ: ಎದುರಿನ ಅಕ್ಷರ ಓದುತ್ತಾರೆ, ಪಕ್ಕದ ಬಾಗಿಲಚೌಕಟ್ಟಿಗೆ ಭುಜ ತಾಗುತ್ತದೆ, ಕಾಲ ಬಳಿಯ ಸ್ಟೂಲಿಗೆ ಎಡವುತ್ತಾರೆ. ಪೊರೆಯಲ್ಲಿ ಎಲ್ಲವೂ ಮಸುಕು ಗಾಜಿನ ಹಿಂದೆ ಇದ್ದಂತೆ. ಬೆಳಕು ಕಣ್ಣಿಗೆ ಚುಚ್ಚುತ್ತದೆ, ನೀಲಿ ಬಣ್ಣ ಮಂಕಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಇವೆಲ್ಲದರ ಕಲಸುಮೇಲೋಗರ.

ಇನ್ನು ಆ ಅರ್ಧ ತಟ್ಟೆ. ಯಾವ ಅರ್ಧ ಎಂದು ನೀವು ಬರೆದಿಲ್ಲ. ಪ್ರತಿಸಲ ಒಂದೇ ಪಕ್ಕದ್ದು, ಎಡಗಡೆಯದ್ದೇ ಅಥವಾ ಬಲಗಡೆಯದ್ದೇ, ಉಳಿಯುತ್ತಿದ್ದರೆ ಮಿದುಳಿನಲ್ಲಿ ಸಣ್ಣದೊಂದು ಪಾರ್ಶ್ವವಾಯು ಸದ್ದಿಲ್ಲದೆ ಆಗಿಹೋಗಿರಬಹುದು. ಹಾಗಾದಾಗ ಎರಡೂ ಕಣ್ಣಿನ ಒಂದೇ ಬದಿಯ ನೋಟ ಹೋಗುತ್ತದೆ. ಅವರ ಮಟ್ಟಿಗೆ ತಟ್ಟೆ ಅಷ್ಟೇ, ಖಾಲಿಯಾಗಿದೆ. ಪರೀಕ್ಷೆ ಸುಲಭ: ಏನೂ ಹೇಳದೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ. ಉಳಿದದ್ದನ್ನೂ ತಿನ್ನಲು ಶುರು ಮಾಡಿದರೆ ವೈದ್ಯರಿಗೆ ಅದೇ ದಿನ ತಿಳಿಸಿ. ಪಕ್ಕ ಯಾವುದೆಂಬ ಲೆಕ್ಕವಿಲ್ಲದೆ ಅಲ್ಲಲ್ಲಿ ಉಳಿಯುತ್ತಿದ್ದರೆ ಆಹಾರದ ಬಣ್ಣವನ್ನೂ ತಟ್ಟೆಯ ಬಣ್ಣವನ್ನೂ ನೋಡಿ. ಬಿಳಿ ತಟ್ಟೆಯಲ್ಲಿ ಬಿಳಿ ಆಹಾರ ಇಟ್ಟು, ಅದನ್ನು ತಿಳಿ ಬಣ್ಣದ ಮೇಜಿನ ಮೇಲಿಟ್ಟರೆ ಮಂಜುಗಣ್ಣಿಗೆ ಅಲ್ಲಿ ಏನೂ ಇರುವುದಿಲ್ಲ. ಮುಂದುವರಿದ ಆಲ್ಜೈಮರ್ ಇದ್ದ ಒಂಬತ್ತು ಜನರಿಗೆ ಬಿಳಿಯ ಬದಲು ಗಾಢ ಕೆಂಪು ತಟ್ಟೆ, ಲೋಟ ಕೊಟ್ಟು ನೋಡಿದ ಸಣ್ಣ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ತಿನ್ನುವುದು 25% ಹೆಚ್ಚಿತು, ಕುಡಿಯುವುದು 84% ಹೆಚ್ಚಿತು. ಬಹಳ ಚಿಕ್ಕ ಅಧ್ಯಯನ, ಅದನ್ನೇ ವೇದವಾಕ್ಯ ಮಾಡಬೇಕಿಲ್ಲ. ಆದರೆ ಒಂದು ಬಣ್ಣದ ತಟ್ಟೆ ತಂದು ಒಂದು ವಾರ ನೋಡುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಬಾಗಿಲಲ್ಲಿ ನಿಂತಾಗ ಗುರುತು ಸಿಗದಿರುವುದಕ್ಕೂ ಒಂದು ಸರಳ ಕಾರಣ ಇರಬಹುದು. ಹಿಂದೆ ಕಾರಿಡಾರಿನ ಬೆಳಕು, ಮುಂದೆ ಮಂಕಾದ ಕೋಣೆ. ನಿಮ್ಮ ಮುಖ ಅವರಿಗೆ ಬರೀ ಕಪ್ಪು ಆಕಾರ. ಪೊರೆ ಇದ್ದ ಕಣ್ಣಿಗೆ ಆ ಹಿಂಬೆಳಕು ಹರಡಿಕೊಂಡು ಆಕಾರವೂ ಕರಗುತ್ತದೆ. ಒಳಗೆ ಬನ್ನಿ, ಕಿಟಕಿಯ ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಜಾಗದಲ್ಲಿ, ಅವರಿಂದ ಒಂದು ಮೀಟರ್ ಒಳಗೆ, ಅವರ ಕಣ್ಣಿನ ಎತ್ತರಕ್ಕೆ ಕೂತು, ಮಾತಾಡದೆ ಒಂದು ನಿಮಿಷ ನೋಡಿ. ಆಗ ಗುರುತು ಸಿಕ್ಕರೆ ಅರ್ಧ ಉತ್ತರ ಸಿಕ್ಕಂತೆ.

ನೀವೇ ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ. ಹಗಲು ಬೆಳಕಿನಲ್ಲಿ, ದೂರದ ಕನ್ನಡಕವನ್ನು ಒರೆಸಿ ಹಾಕಿಸಿ, ಒಂದು ಕಣ್ಣನ್ನು ಒತ್ತದೆ ಅಂಗೈಯಿಂದ ಮರೆ ಮಾಡಿ, ಮೂರು ಮೀಟರ್ ದೂರದಿಂದ ಬೆರಳು ತೋರಿಸಿ. ಎಷ್ಟು ಎಂದು ಹೇಳುವುದು ಕಷ್ಟವಾದರೆ ಅಷ್ಟೇ ಬೆರಳು ಎತ್ತಲು ಹೇಳಿ. ಮೂರು ಮೀಟರಿನಿಂದ ಬೆರಳು ಎಣಿಸಲಾಗದ ಕಣ್ಣು ಹೆಚ್ಚುಕಡಿಮೆ 3/60ಕ್ಕಿಂತ ಕೆಳಗೆ, ಅಂದರೆ ಒಳ್ಳೆಯ ಕಣ್ಣಿಗೆ 60 ಮೀಟರಿನಿಂದ ಕಾಣುವುದು ಇದಕ್ಕೆ 3 ಮೀಟರಿನಿಂದಲೂ ಕಾಣದು. ಎರಡೂ ಕಣ್ಣು ಹಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಅದು ಕುರುಡುತನವೇ. ಎಣಿಸಿದರೆ ಆರು ಮೀಟರಿಗೆ ಹೋಗಿ. ಮುಖ್ಯವಾದದ್ದು ಒಂದೊಂದು ಕಣ್ಣನ್ನೂ ಬೇರೆಬೇರೆ ನೋಡುವುದು. ಒಂದು ಕಣ್ಣು ಮರೆ ಮಾಡಿದಾಗ ಸುಮ್ಮನಿದ್ದು, ಇನ್ನೊಂದನ್ನು ಮರೆ ಮಾಡಿದ ಕೂಡಲೇ ಕೈ ತಳ್ಳಿದರೆ ಮಾತಿಲ್ಲದೆಯೇ ತಿಳಿಯುತ್ತದೆ, ಅವರು ನೆಚ್ಚಿಕೊಂಡಿರುವುದು ಯಾವ ಕಣ್ಣನ್ನು ಎಂದು. ಗಟ್ಟಿ ಕಾಗದದಲ್ಲಿ ಸುಮಾರು ಒಂದು ಮಿಲಿಮೀಟರಿನ ತೂತು ಮಾಡಿ ಅದರ ಮೂಲಕ ನೋಡಿಸಿದಾಗ ದೂರದ ದೊಡ್ಡ ಅಕ್ಷರ ಸ್ಪಷ್ಟವಾದರೆ ಮಸುಕಿನ ಬಹುಭಾಗ ನಂಬರಿನದ್ದು. ಮರೆವು ಇರುವವರಿಗೆ ತೂತಿಗೆ ಕಣ್ಣು ಹೊಂದಿಸುವುದು ಕಷ್ಟ, ಆಗಲಿಲ್ಲ ಎಂದರೆ ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ.

"ಇವರು ಸಹಕರಿಸುವುದಿಲ್ಲ, ಕಣ್ಣು ಪರೀಕ್ಷೆ ಮಾಡಲಾಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ. ಅಕ್ಷರ ಓದಲಾಗದವರಿಗೆ ಚಿತ್ರದ ಪಟ್ಟಿ ಇದೆ; ಹೆಸರು ಹೇಳಲಾಗದವರು ಕೈಯಲ್ಲಿರುವ ಕಾರ್ಡಿನ ಮೇಲೆ ಅದೇ ಆಕಾರ ತೋರಿಸಿದರೆ ಸಾಕು. ರೆಟಿನೋಸ್ಕೋಪ್ ಎಂಬ ಉಪಕರಣದಿಂದ ಕಣ್ಣೊಳಗೆ ಬೆಳಕು ಹಾಯಿಸಿ, ರೋಗಿ ಒಂದು ಮಾತೂ ಆಡದೆ ನಂಬರ್ ಅಳೆಯಬಹುದು. ಮಕ್ಕಳಿಗೆ ಹೀಗೇ ಅಳೆಯುವುದು. "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ" ಎಂಬ ಪ್ರಶ್ನೆಗಳೇ ಬೇಕಾಗಿಲ್ಲ. ಸಮಯ ಬೆಳಗ್ಗೆಯದ್ದು ಕೇಳಿ, ಸಂಜೆ ಬೇಡ. ಕಿವಿಯ ಯಂತ್ರ ಇದ್ದರೆ ಹಾಕಿಸಿ, ಶೌಚ ಮುಗಿಸಿ, ಪರಿಚಿತ ಮುಖ ಪಕ್ಕದಲ್ಲಿರಲಿ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಿರುತ್ತದೆ. ಅಷ್ಟೂ ಹೊತ್ತು ನಡೆಯುವಾಗ ಯಾರಾದರೂ ಜೊತೆಗಿರಬೇಕೆಂದು ಸಿಬ್ಬಂದಿಗೆ ಮೊದಲೇ ಹೇಳಿಡಿ. ಒಂದೇ ಸಲ ಎಲ್ಲ ಆಗದಿದ್ದರೆ ಎರಡು ಭೇಟಿ ಮಾಡಿ. ಒಯ್ಯಬೇಕಾದದ್ದು: ಇರುವ ಅಷ್ಟೂ ಕನ್ನಡಕ, ಔಷಧಗಳ ಪೂರ್ತಿ ಪಟ್ಟಿ, ಹಳೆಯ ಆಪರೇಷನ್ ಕಾಗದ.

ಕನ್ನಡಕದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅತಿ ಅಗ್ಗದ ಪರಿಹಾರವೂ ಅದೇ, ಅತಿ ಹೆಚ್ಚು ಎಡವಟ್ಟಾಗುವುದೂ ಅದರಲ್ಲೇ. ನಂಬರ್ ನೋಡುವ ಮುಂಚೆ ಈಗಿನ ಕನ್ನಡಕವನ್ನು ಬೆಳಕಿಗೆ ಹಿಡಿಯಿರಿ. ಗೀರು, ಎಣ್ಣೆ, ಒಣಗಿದ ಆಹಾರದ ಕಲೆ ಕೂಡಿ ಗಾಜು ಹಾಲಿನಂತಾಗಿರುವುದು ಸಾಮಾನ್ಯ. ಉಗುರುಬೆಚ್ಚಗಿನ ನೀರು, ಒಂದು ಹನಿ ದ್ರವ ಸೋಪು, ಹತ್ತಿಯ ಮೆತ್ತನೆ ಬಟ್ಟೆ: ದಿನಕ್ಕೊಮ್ಮೆ ಬೆಳಗಿನ ಕೆಲಸದ ಜೊತೆ ಇದು ಸೇರಬೇಕು. ಒಣ ಕಾಗದದಿಂದ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಮೂಗಿನ ಮೇಲೆ, ಕಿವಿಯ ಹಿಂದೆ ಬೆರಳಾಡಿಸಿ ಹುಣ್ಣಿದೆಯೇ ನೋಡಿ. ಕನ್ನಡಕ ಪದೇಪದೇ ತೆಗೆದೆಸೆಯುವವರಲ್ಲಿ ಎಷ್ಟೋ ಮಂದಿಗೆ ಅದು ಚುಚ್ಚುತ್ತಿರುತ್ತದೆ, ಹೇಳಲು ಬರುತ್ತಿರುವುದಿಲ್ಲ. ಇನ್ನೊಂದು ಸಾಮಾನ್ಯ ಪ್ರಸಂಗ, ಪಕ್ಕದ ಹಾಸಿಗೆಯವರ ಕನ್ನಡಕ ಇವರ ಮೂಗಿನ ಮೇಲಿರುವುದು. ಕಡ್ಡಿಯ ಒಳಬದಿಗೆ ಹೆಸರು ಕೆತ್ತಿಸಿ. ಅಂಟಿಸಿದ ಚೀಟಿ ಎರಡು ವಾರ ಬಾಳುವುದಿಲ್ಲ. ಓದುವುದು, ದೂರದ್ದು ಎಂದು ಎರಡು ಜೋಡಿ ಇದ್ದರೆ ಒಂದಕ್ಕೆ ಗಾಢ ಬಣ್ಣದ ಚೌಕಟ್ಟು ಇರಲಿ. ಓದುವ ಕನ್ನಡಕ ಹಾಕಿಕೊಂಡು ನಡೆದರೆ ನೆಲ ಮಸುಕಾಗಿ, ಹತ್ತಿರ ಬಂದಂತೆ ಕಂಡು ಬೀಳುತ್ತಾರೆ.

ಹೊಸ ನಂಬರ್ ಬಂದಾಗ ಒಂದು ಎಚ್ಚರ. ಕನ್ನಡಕ ಬದಲಿಸಿದರೆ ಬೀಳುವುದು ಕಡಿಮೆಯಾಗಬೇಕಲ್ಲವೇ? ಆಸ್ಟ್ರೇಲಿಯಾದಲ್ಲಿ 70 ದಾಟಿದ ನಿತ್ರಾಣ ವೃದ್ಧರ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಪಾಸಣೆ ಮಾಡಿ ಹೊಸ ಕನ್ನಡಕ ಕೊಟ್ಟ ಗುಂಪಿನವರೇ ಹೆಚ್ಚು ಬಿದ್ದರು. ನಂಬರ್ ಒಮ್ಮೆಲೇ ಬಹಳ ಬದಲಾದರೆ ಮೆಟ್ಟಿಲಿನ ಎತ್ತರ, ನೆಲದ ದೂರ ಬೇರೆಯಾಗಿ ಕಾಣುತ್ತದೆ. ಕಾಲಿಗೆ ಅದು ರೂಢಿಯಾಗಲು ವಾರಗಳು ಬೇಕು. ಆದ್ದರಿಂದ ದೊಡ್ಡ ಬದಲಾವಣೆ ಬೇಕಿದ್ದರೆ ಎರಡು ಹಂತದಲ್ಲಿ ಮಾಡಬಹುದೇ ಎಂದು ಕೇಳಿ, ಮೊದಲ ಎರಡು ಮೂರು ವಾರ ನಡೆಯುವಾಗ ಜೊತೆಗೊಬ್ಬರು ಇರುವಂತೆ ನೋಡಿಕೊಳ್ಳಿ. ಬೈಫೋಕಲ್ ಬಗ್ಗೆಯೂ ಪ್ರಶ್ನೆ ಬರುತ್ತದೆ. ಕೆಳಗಿನ ಓದುವ ಭಾಗದಿಂದ ಪಾದ ನೋಡಿದರೆ ಮಸುಕು, ನಿಜ. ಆದರೆ ಬೈಫೋಕಲ್‌ಗೆ ಹತ್ತಾರು ವರ್ಷ ಒಗ್ಗಿದ, ಹೆಚ್ಚಾಗಿ ಒಳಗೇ ಇರುವ, ಮರೆವು ಬೇರೆ ಇರುವ ಹಿರಿಯರಿಗೆ ಅದನ್ನು ಕಿತ್ತು ಎರಡು ಜೋಡಿ ಕೊಡುವುದರಿಂದ ಗೊಂದಲವೇ ಹೆಚ್ಚು. ನಿಮ್ಮ ತಾಯಿ ಬೈಫೋಕಲ್ ಹಾಕುತ್ತಿದ್ದರೆ ಅದನ್ನೇ ಮುಂದುವರಿಸಿ ಎನ್ನುತ್ತೇನೆ.

ಇಷ್ಟೆಲ್ಲ ಪಾಡು ಪಡುವುದಕ್ಕೆ ಫಲ ಇದೆಯೇ ಎಂದರೆ, ಇದೆ. ಅಮೆರಿಕದ ಅಲಬಾಮದಲ್ಲಿ ಆರೈಕೆ ಕೇಂದ್ರಗಳ ನಿವಾಸಿಗಳಿಗೆ ಸರಿಯಾದ ಕನ್ನಡಕ ಕೊಟ್ಟು ಎರಡು ತಿಂಗಳು ಬಿಟ್ಟು ನೋಡಿದಾಗ ಓದುವುದು, ಹವ್ಯಾಸ, ಜನರ ಜೊತೆ ಬೆರೆಯುವುದು ಸುಧಾರಿಸಿತ್ತು, ಖಿನ್ನತೆಯ ಲಕ್ಷಣ ಇಳಿದಿತ್ತು. 2007ರ ಅಧ್ಯಯನ ಅದು.

ಪೊರೆಗೆ ಬರೋಣ. ಎಡಗಣ್ಣಿನ ಪೊರೆ ಇನ್ನೂ ಹಾಗೇ ಇರಬಹುದು. 84ರಲ್ಲಿ ಇಲ್ಲದಿದ್ದರೇ ಆಶ್ಚರ್ಯ. ಆಪರೇಷನ್ ಆದ ಬಲಗಣ್ಣೂ ಮತ್ತೆ ಮಂಜಾಗಿರಬಹುದು. ಒಳಗಿಟ್ಟ ಕೃತಕ ಮಸೂರದ ಹಿಂದಿನ ತೆಳು ಪದರ ತಿಂಗಳುಗಳ ಮೇಲೋ ವರ್ಷಗಳ ಮೇಲೋ ಬಿಳಿಚಿಕೊಳ್ಳುತ್ತದೆ. ಜನ ಇದನ್ನು "ಪೊರೆ ಮತ್ತೆ ಬಂತು" ಎನ್ನುತ್ತಾರೆ. ಇದಕ್ಕೆ ಮತ್ತೊಂದು ಆಪರೇಷನ್ ಬೇಡ, ಯಾಗ್ ಲೇಸರಿನಿಂದ ಕೆಲವೇ ನಿಮಿಷದಲ್ಲಿ, ಕುಳಿತಲ್ಲೇ, ಆ ಪದರದಲ್ಲಿ ಕಿಂಡಿ ತೆರೆಯುತ್ತಾರೆ. ಎಡಗಣ್ಣಿಗೆ ಆಪರೇಷನ್ ಬೇಕೇ ಎಂಬುದನ್ನು ವಯಸ್ಸಿನಿಂದ ನಿರ್ಧರಿಸಬೇಡಿ. ಕೇಳಬೇಕಾದ ಪ್ರಶ್ನೆಗಳು ಬೇರೆ: ಇಪ್ಪತ್ತು ಮೂವತ್ತು ನಿಮಿಷ ಅಂಗಾತ ಮಲಗಲು ಆಗುತ್ತದೆಯೇ, ಉಸಿರು ಕಟ್ಟುತ್ತದೆಯೇ, ಮುಖದ ಮೇಲೆ ಬಟ್ಟೆ ಮುಚ್ಚಿದರೆ ಗಾಬರಿಯಾಗುತ್ತಾರೆಯೇ, ಆಮೇಲೆ ಸುಮಾರು ನಾಲ್ಕು ವಾರ ಹನಿ ಹಾಕುವವರು ಯಾರು, ರಾತ್ರಿ ಕಣ್ಣು ಉಜ್ಜದಂತೆ ಕವಚ ಕಟ್ಟುವವರು ಯಾರು. ಪೂರ್ತಿ ಅರಿವಳಿಕೆ ಕೊಟ್ಟು ಮಾಡುವ ದಾರಿಯೂ ಇದೆ, ಆದರೆ ಮರೆವು ಇರುವವರಲ್ಲಿ ಅದರ ನಂತರ ಕೆಲದಿನ ಗೊಂದಲ ಹೆಚ್ಚಬಹುದು ಎಂದು ತಿಳಿದೇ ಒಪ್ಪಬೇಕು. ಮೊದಲ ಕಣ್ಣಿನ ಪೊರೆಯನ್ನು ತಡಮಾಡದೆ ತೆಗೆದ ವೃದ್ಧ ಮಹಿಳೆಯರಲ್ಲಿ ಬೀಳುವಿಕೆ ಮೂರನೇ ಒಂದರಷ್ಟು ಕಡಿಮೆಯಾದದ್ದು 2005ರ ಬ್ರಿಟನ್ನಿನ ಪ್ರಯೋಗದಲ್ಲಿ ಕಂಡಿದೆ. ಆಪರೇಷನ್ ಆದ ನಾಲ್ಕರಿಂದ ಆರು ವಾರಕ್ಕೆ ಹೊಸ ನಂಬರ್ ನೋಡಿಸಲು ಮರೆಯಬೇಡಿ. ಹಳೆಯ ಕನ್ನಡಕವನ್ನೇ ಹಾಕಿಸಿ "ಆಪರೇಷನ್ ಮಾಡಿಸಿದರೂ ಪ್ರಯೋಜನವಾಗಲಿಲ್ಲ" ಎನ್ನುವವರು ಬಹಳ.

ಮ್ಯಾಕ್ಯುಲಾ ಸವೆತದಲ್ಲಿ ಎರಡು ಬಗೆ. ಒಣ ಬಗೆ ನಿಧಾನ, ಹೋದ ದೃಷ್ಟಿಯನ್ನು ಮರಳಿ ತರುವ ಔಷಧವಿಲ್ಲ. ಭೂತಗನ್ನಡಿ, ಬೆಳಕು, ದೊಡ್ಡ ಅಕ್ಷರಗಳ ಸಹಾಯವೇ ದಾರಿ. ಒದ್ದೆ ಬಗೆ ದಿನಗಳಲ್ಲಿ, ವಾರಗಳಲ್ಲಿ ಏರುತ್ತದೆ. ಬಾಗಿಲಿನ ನೇರ ಅಂಚು ಸೊಟ್ಟಗೆ, ಅಲೆಯಂತೆ ಕಾಣುವುದು ಅದರ ಗುರುತು. ಕಣ್ಣೊಳಗೆ ಕೊಡುವ ಇಂಜೆಕ್ಷನ್ ಅದನ್ನು ತಡೆಯುತ್ತದೆ, ಆದರೆ ಕಾದಷ್ಟೂ ನಷ್ಟ.

ಗ್ಲಾಕೋಮಾ ಇದ್ದರೆ ಎಲ್ಲವೂ ನಿಂತಿರುವುದು ಹನಿಯ ಮೇಲೆ. ಹೋದ ನೋಟ ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಯುವುದು ಪ್ರತಿದಿನದ ಆ ಒಂದು ಹನಿ. ಆರೈಕೆ ಕೇಂದ್ರಗಳಲ್ಲಿ ಅದು ತಪ್ಪುವ ಬಗೆ ಹೆಚ್ಚುಕಡಿಮೆ ಒಂದೇ: ರೋಗಿ ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆ ಸೇರುತ್ತಾರೆ, ಮರಳಿ ಬರುವಾಗ ಪಟ್ಟಿಯಲ್ಲಿ ಮಾತ್ರೆಗಳೆಲ್ಲ ಇರುತ್ತವೆ, ಕಣ್ಣಿನ ಹನಿ ಬಿಟ್ಟುಹೋಗಿರುತ್ತದೆ. ನೋವಿಲ್ಲ, ಕೆಂಪಿಲ್ಲ, ಹಾಗಾಗಿ ತಿಂಗಳಾನುಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ನಿಮ್ಮ ತಾಯಿಗೆ ಹಿಂದೆ ಯಾವತ್ತಾದರೂ ಹನಿ ಬರೆದಿದ್ದರೇ ಎಂದು ಹಳೆಯ ಕಾಗದಗಳಲ್ಲಿ ಹುಡುಕಿ.

ಹನಿ ಹಾಕುವ ಕ್ರಮವನ್ನು ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಕೈ ತೊಳೆದು, ತಲೆ ಹಿಂದಕ್ಕೆ ಒರಗಿಸಿ, ಕೆಳರೆಪ್ಪೆಯನ್ನು ತೋರುಬೆರಳಿಂದ ಮೆಲ್ಲಗೆ ಕೆಳಕ್ಕೆಳೆದರೆ ಅಲ್ಲೊಂದು ಪುಟ್ಟ ಜೋಳಿಗೆ ತೆರೆಯುತ್ತದೆ. ಹನಿ ಬೀಳಬೇಕಾದದ್ದು ಅದರೊಳಗೆ. ಕಪ್ಪುಗುಡ್ಡೆಯ ಮೇಲೆ ಬಿದ್ದರೆ ಉರಿದು ಕಣ್ಣು ಬಿಗಿಯುತ್ತಾರೆ. ಬಾಟಲಿಯ ಮೂತಿ ರೆಪ್ಪೆಗೂ ಕೂದಲಿಗೂ ತಾಗಬಾರದು. ಒಂದೇ ಹನಿ ಸಾಕು, ಆ ಜೋಳಿಗೆಯಲ್ಲಿ ಹಿಡಿಯುವುದೇ ಅಷ್ಟು, ಎರಡನೆಯದು ಕೆನ್ನೆಗೆ. ಆಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿಂದ ಎರಡು ನಿಮಿಷ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಔಷಧ ಕಣ್ಣೀರಿನ ನಾಳದಿಂದ ಮೂಗಿಗಿಳಿದು ರಕ್ತ ಸೇರುತ್ತದೆ. ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಹನಿಯಾದರೆ ನಾಡಿ ನಿಧಾನವಾಗುವುದು, ಉಬ್ಬಸ ಕೆರಳುವುದು, ತಲೆಸುತ್ತಿ ಬೀಳುವುದು ಹೀಗೇ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಅಂತರ ಬೇಕು. ಮುಲಾಮು ಇದ್ದರೆ ಕೊನೆಗೆ. ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುವವರನ್ನು ಅಂಗಾತ ಮಲಗಿಸಿ, ಮುಚ್ಚಿದ ಕಣ್ಣಿನ ಒಳಮೂಲೆಯ ಮೇಲೆ ಹನಿ ಬಿಟ್ಟು, ಅವರಾಗಿಯೇ ಕಣ್ಣು ತೆರೆಯುವವರೆಗೆ ಕಾಯುವುದು, ತಾನೇ ಒಳಗಿಳಿಯುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿರಬೇಕು, ಸಾಮಾನ್ಯವಾಗಿ 28 ದಿನಕ್ಕೆ ಅದು ಮುಗಿಯಿತು.

ಇನ್ನು ಸಂಜೆ ಕಾಣುವ ಆ ಮಕ್ಕಳು. 1760ರಲ್ಲಿ ಸ್ವಿಸ್ ನಿಸರ್ಗವಿಜ್ಞಾನಿ ಶಾರ್ಲ್ ಬೊನೆ ತನ್ನ ಅಜ್ಜನ ಬಗ್ಗೆ ಬರೆದ. ಪೊರೆಯಿಂದ ದೃಷ್ಟಿ ಕಳೆದುಕೊಂಡಿದ್ದ, ಬುದ್ಧಿ ಚುರುಕಾಗೇ ಇದ್ದ ಆ ಮುದುಕರಿಗೆ ಮನುಷ್ಯರು, ಹಕ್ಕಿಗಳು, ಕಟ್ಟಡಗಳು ಕಾಣುತ್ತಿದ್ದವು. ಇವತ್ತಿಗೂ ಆ ಸ್ಥಿತಿಗೆ ಬೊನೆಯ ಹೆಸರೇ ಇದೆ. ಕಣ್ಣಿನಿಂದ ಬರುವ ಸಂಕೇತ ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಹುಟ್ಟಿಸುತ್ತದೆ. ಚಿತ್ರಗಳು ಮೌನವಾಗಿರುತ್ತವೆ, ಮಾತಾಡುವುದಿಲ್ಲ, ಮುಟ್ಟುವುದಿಲ್ಲ. ಮಂದ ಬೆಳಕಿನಲ್ಲಿ, ಸುಮ್ಮನೆ ಕೂತಾಗ ಹೆಚ್ಚು. ಚಿಕ್ಕ ಮಕ್ಕಳು, ಮುಖಗಳು, ಜಾಲರಿಯ ವಿನ್ಯಾಸಗಳು ತೀರ ಸಾಮಾನ್ಯ. ಇದು ಮನೋರೋಗವಲ್ಲ, ಎಷ್ಟೋ ಹಿರಿಯರು ಹುಚ್ಚು ಎಂದಾರೆಂದು ಹೆದರಿ ಹೇಳದೆಯೇ ಇಟ್ಟುಕೊಂಡಿರುತ್ತಾರೆ. ನಿಮ್ಮ ತಾಯಿಯನ್ನು ಮೆಲ್ಲಗೆ ಕೇಳಿ: ಆ ಮಕ್ಕಳು ಮಾತಾಡುತ್ತಾರಾ? ಭಯವಾಗುತ್ತದಾ? ದೀಪ ಹಾಕಿದರೆ ಹೋಗುತ್ತಾರಾ? ಕಂಡಾಗ ದೊಡ್ಡ ದೀಪ ಹಾಕುವುದು, ಎದ್ದು ನಿಲ್ಲುವುದು, ತಲೆ ಅಲ್ಲಾಡಿಸದೆ ಕಣ್ಣನ್ನು ಎಡಕ್ಕೂ ಬಲಕ್ಕೂ 15ರಿಂದ 30 ಸಲ ಹೊರಳಿಸುವುದು ಕೆಲವರಿಗೆ ಚಿತ್ರವನ್ನು ಅಳಿಸುತ್ತದೆ. "ಅಲ್ಲಿ ಯಾರೂ ಇಲ್ಲ" ಎಂದು ವಾದಕ್ಕೆ ಇಳಿಯಬೇಡಿ; "ನಿಮಗೆ ಕಾಣುತ್ತಿದೆ, ನಿಜ, ಕಣ್ಣು ಮಂಜಾದಾಗ ಹಾಗಾಗುತ್ತದಂತೆ" ಎಂದರೆ ಸಾಕು.

ಆದರೆ ಬೇರೆ ಕಾರಣಗಳನ್ನೂ ತಳ್ಳಿಹಾಕುವಂತಿಲ್ಲ. ಭ್ರಮೆ ಒಂದೆರಡು ದಿನದಲ್ಲಿ ದಿಢೀರನೆ ಶುರುವಾಗಿ ಜೊತೆಗೆ ಮಂಪರು, ತಳಮಳ ಇದ್ದರೆ ಸೋಂಕು, ಮಲಬದ್ಧತೆ, ನೀರಿನ ಕೊರತೆ, ಹೊಸ ಔಷಧ ಇವನ್ನು ಹುಡುಕಬೇಕು. ದಿನದಿಂದ ದಿನಕ್ಕೆ ಎಚ್ಚರ ಏರಿಳಿಯುವುದು, ನಡಿಗೆ ಬಿಗಿಯಾಗುವುದು, ನಿದ್ದೆಯಲ್ಲಿ ಕೈಕಾಲು ಬೀಸುವುದು ಇದ್ದರೆ ಲೂಯಿ ಬಾಡಿ ಎಂಬ ಬಗೆಯ ಮರೆವಿನ ಕಾಯಿಲೆ ಇರಬಹುದು. ಅದರಲ್ಲಿ ಭ್ರಮೆಯ ಮಾತ್ರೆಗಳು ಮೈಯನ್ನು ಕೊರಡಾಗಿಸುವಷ್ಟು ಅಪಾಯ ಮಾಡುತ್ತವೆ. ಮಾತ್ರೆಗೆ ಅವಸರ ಬೇಡ ಎನ್ನಲು ಇದು ಇನ್ನೊಂದು ಕಾರಣ.

ಬೆಳಕಿನ ಮಾತು. ಅರವತ್ತರ ಕಣ್ಣಿನ ರೆಟಿನಾಕ್ಕೆ ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗವಷ್ಟೇ ತಲುಪುತ್ತದೆ; 84ಕ್ಕೆ ಇನ್ನೂ ಕಡಿಮೆ. ನಿಮಗೆ ಸಾಕೆನಿಸಿದ ದೀಪ ಅವರಿಗೆ ಮುಸ್ಸಂಜೆ. ಓಡಾಡುವ ಜಾಗದಲ್ಲಿ 300 ಲಕ್ಸ್ (ಬೆಳಕಿನ ಅಳತೆ), ಓದುವ, ಊಟ ಮಾಡುವ ಜಾಗದಲ್ಲಿ 500 ಅಥವಾ ಹೆಚ್ಚು ಇದ್ದರೆ ಒಳ್ಳೆಯದು. ಫೋನಿನ ಲಕ್ಸ್ ಮೀಟರ್ ಆ್ಯಪ್ ಅಂದಾಜಿಗೆ ಸಾಕು. ಚಾವಣಿಯ ದೀಪವನ್ನು ಬದಲಿಸಲಾಗದಿದ್ದರೂ ಮೇಜಿನ ದೀಪ ಇಡಬಹುದು. ದೀಪವನ್ನು ಒಂದು ಮೀಟರಿನಿಂದ ಅರ್ಧ ಮೀಟರಿಗೆ ತಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಹೆಚ್ಚು ಕಾಣುವ ಕಣ್ಣಿನ ಕಡೆಯಿಂದ, ಭುಜದ ಹಿಂದಿನಿಂದ, ಬಲ್ಬು ನೇರ ಕಣ್ಣಿಗೆ ಬೀಳದಂತೆ. ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿಯಿಡೀ ನೆಲಮಟ್ಟದ ಮಂದ ದೀಪ ಇರಲಿ. ಶೌಚಾಲಯದ ಸೀಟು ನೆಲಕ್ಕಿಂತ ಗಾಢ ಬಣ್ಣದ್ದಾಗಿರಲಿ, ಹಿಡಿಕಂಬಿ ಗೋಡೆಯ ಬಣ್ಣದ್ದಾಗಿರದಿರಲಿ. ಒಮ್ಮೆ ಜೋಡಿಸಿದ ಮೇಲೆ ಕುರ್ಚಿ ಮೇಜು ಸರಿಸಬಾರದು, ಗುಡಿಸುವವರಿಗೂ ಇದು ಗೊತ್ತಿರಬೇಕು.

ಕೆಲವು ಸಂದರ್ಭಗಳಲ್ಲಿ ಮೇಲಿನ ಯಾವುದಕ್ಕೂ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಂದು ಕಣ್ಣು ಏಕಾಏಕಿ ಕಾಣದಾಗುವುದು, ಕೆಲ ನಿಮಿಷ ಹೋಗಿ ಮರಳಿ ಬಂದರೂ ಸರಿ. ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ಮಿಂಚು ಹೊಡೆದಂತಾಗಿ, ಕಪ್ಪು ಚುಕ್ಕೆಗಳು ಉದುರಿ, ಪರದೆ ಇಳಿದಂತಾಗುವುದು. ಹಣೆಯ ಪಕ್ಕದಲ್ಲಿ ಹೊಸ ತಲೆನೋವು, ತಲೆ ಬಾಚಿದರೆ ನೋವು, ಅಗಿಯುವಾಗ ದವಡೆ ನೋವು. ಇದು ರಕ್ತನಾಳದ ಉರಿಯೂತ ಇರಬಹುದು, ಸ್ಟೀರಾಯ್ಡ್ ತಡವಾದರೆ ಎರಡನೆಯ ಕಣ್ಣೂ ಹೋಗಬಹುದು. ಹಣೆಯ ಒಂದು ಪಕ್ಕ, ಮೂಗಿನ ತುದಿಯವರೆಗೆ ಗುಳ್ಳೆ ಎದ್ದರೆ ಸರ್ಪಸುತ್ತು. ಔಷಧ 72 ಗಂಟೆಯೊಳಗೆ ಶುರುವಾಗಬೇಕು. ಮಾತು ಹೇಳಲಾಗದವರು ಕಣ್ಣನ್ನು ಪದೇಪದೇ ಒತ್ತಿಕೊಳ್ಳುತ್ತಿದ್ದರೆ, ಊಟ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರೆ, ಕಣ್ಣಿನ ನೋವಿರಬಹುದೇ ಎಂದು ರೆಪ್ಪೆ ಎತ್ತಿ ನೋಡಲು ಹೇಳಿ.

ಕೇಂದ್ರದವರನ್ನು ಕೇಳಬೇಕಾದದ್ದು ಬಹಳವಿಲ್ಲ. ಕೊನೆಯ ಸಲ ಕಣ್ಣು ಪರೀಕ್ಷೆ ಆದದ್ದು ಯಾವ ದಿನಾಂಕ, ವರದಿ ಎಲ್ಲಿದೆ? ಆರೈಕೆ ಯೋಜನೆಯಲ್ಲಿ ಯಾವ ಕಣ್ಣು ಎಷ್ಟು ಕಾಣುತ್ತದೆ, ಯಾವ ಕನ್ನಡಕ ಯಾವಾಗ ಎಂದು ಬರೆದಿದೆಯೇ? ಬೆಳಗ್ಗೆ ಕನ್ನಡಕ ಒರೆಸಿ ಹಾಕುವುದು ಯಾರ ಕೆಲಸ? ಭ್ರಮೆಯ ಮಾತ್ರೆ ಕೊಡಲೇಬೇಕೆಂದು ವೈದ್ಯರು ನಿರ್ಧರಿಸಿದರೆ ಎಷ್ಟು ವಾರಕ್ಕೆ ಮರುಪರಿಶೀಲನೆ, ನಿಲ್ಲಿಸುವ ದಿನ ಯಾವುದು? ಸಿಟ್ಟಿನಿಂದ ಕೇಳಬೇಡಿ. ಅಲ್ಲಿ ದುಡಿಯುವವರ ಕೈತುಂಬ ಕೆಲಸವಿರುತ್ತದೆ, ಕಣ್ಣನ್ನು ಗಮನಿಸಲು ಅವರಿಗೆ ಯಾರೂ ಕಲಿಸಿಕೊಟ್ಟಿರುವುದೂ ಇಲ್ಲ. ಹಾಸಿಗೆಯ ತಲೆಯ ಬಳಿ ದಪ್ಪಕ್ಷರದ ಒಂದು ಹಾಳೆ ಅಂಟಿಸಲು ಅನುಮತಿ ಕೇಳಿ: "ನನಗೆ ಎಡಗಡೆಯಿಂದ ಸರಿಯಾಗಿ ಕಾಣುವುದಿಲ್ಲ. ಬಲಗಡೆಯಿಂದ ಬನ್ನಿ. ಮುಟ್ಟುವ ಮುಂಚೆ ನಿಮ್ಮ ಹೆಸರು ಹೇಳಿ. ಹೋಗುವಾಗ ಹೋಗುತ್ತೇನೆ ಎಂದು ಹೇಳಿ." ಯಾವ ಕಡೆ ಎಂಬುದನ್ನು ತಪಾಸಣೆ ಮುಗಿದ ಮೇಲೆ ತುಂಬಿ.